ದೇವಿಯನ್ನು ನಂಬದವಳು ಪೇಗನ್ ಕೂಟಕ್ಕೆ ಸೇರಬಹುದಾ?

ಹೇಮಾವತಿ_ದಡ
ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವಳು. ಈಗ ಇರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಇಲ್ಲಿನ ಒಂದು ಸಣ್ಣ ಪೇಗನ್ ಕೂಟದ ಜೊತೆ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ಪೇಗನ್ ಎಂದರೆ ಕ್ರೈಸ್ತ ಧರ್ಮಕ್ಕೆ ಮೊದಲಿನ ಯುರೋಪಿನ ದೇವರುಗಳನ್ನು, ಪ್ರಕೃತಿಯನ್ನು ಪೂಜಿಸುವವರು. ವರ್ಷಕ್ಕೆ ಎಂಟು ಹಬ್ಬ. ಹಗಲು ಎಲ್ಲಕ್ಕಿಂತ ಉದ್ದ ಇರುವ ದಿನ, ರಾತ್ರಿ ಉದ್ದ ಇರುವ ದಿನ, ಎರಡೂ ಸಮ ಆಗುವ ದಿನಗಳು, ಮತ್ತೆ ಇವುಗಳ ನಡುವೆ ಬರುವ ನಾಲ್ಕು. ಊರಾಚೆಯ ಕಾಡಿನಲ್ಲಿ ವೃತ್ತವಾಗಿ ನಿಲ್ಲುತ್ತೇವೆ, ನಾಲ್ಕು ದಿಕ್ಕನ್ನು ಕರೆಯುತ್ತೇವೆ, ದೇವಿಗೂ ಕೊಂಬಿನ ದೇವರಿಗೂ ಒಂದಿಷ್ಟು ಮಾತು ಹೇಳುತ್ತೇವೆ, ಆಮೇಲೆ ಕೇಕು, ಬಿಯರು ಹಂಚಿಕೊಂಡು ಮನೆಗೆ ಬರುತ್ತೇವೆ.

ಈಗ ಅವರು ದೀಕ್ಷೆ ತಗೊಂಡು ಪೂರ್ತಿ ಸೇರಿಕೋ ಎಂದು ಕರೆದಿದ್ದಾರೆ. ದೇವಿ ಎನ್ನುವವಳು ನಿಜಕ್ಕೂ ಇದ್ದಾಳೆ ಎಂಬ ನಂಬಿಕೆ ನನಗಿಲ್ಲ. ಅದನ್ನು ನೇರವಾಗಿಯೇ ಹೇಳಿದೆ. "ಪರವಾಗಿಲ್ಲ, ನಮ್ಮಲ್ಲೂ ಎಷ್ಟೋ ಜನ ಹಾಗೇ" ಅಂದರು. ನನ್ನ ನಿದ್ದೆ ಕೆಡಿಸಿರುವುದು ಈ "ಪರವಾಗಿಲ್ಲ". ನಂಬದಿದ್ದರೂ ನಡೆಯುತ್ತದೆ ಎಂದಾದರೆ ದೀಕ್ಷೆ ಯಾಕೆ? ಮಾತು ಕೊಡುವುದು ಯಾರಿಗೆ?

ಎರಡನೆಯದು ಇನ್ನೂ ಕಷ್ಟದ್ದು. ಇವರಿಗೆ ಗ್ರಂಥ ಇಲ್ಲ, ಮಠ ಇಲ್ಲ, ಮೇಲೆ ಕೇಳುವವರು ಯಾರೂ ಇಲ್ಲ. ಅದೇ ಇಷ್ಟವಾಗಿ ಬಂದವಳು ನಾನು. ಆದರೆ ನಾಳೆ ಕೂಟದೊಳಗೇ ಏನಾದರೂ ತಪ್ಪು ನಡೆದರೆ ಅದು ತಪ್ಪು ಎಂದು ಹೇಳುವವರು ಯಾರು?

ಇಂಥದ್ದನ್ನು ಹತ್ತಿರದಿಂದ ನೋಡಿದವರು ಬರೆಯಿರಿ. "ನಮ್ಮ ಧರ್ಮ ಬಿಟ್ಟು ಅಲ್ಲಿಗ್ಯಾಕೆ ಹೋದೆ" ಎನ್ನುವವರು ದಯವಿಟ್ಟು ಬೇಡ. ಆ ಜಗಳ ಮನೆಯಲ್ಲೇ ಆಗಿ ಮುಗಿದಿದೆ.

ಸಂಜೆಗಾಳಿ
ಇಷ್ಟು ವರ್ಷ ಅವರ ಜೊತೆ ನಿಂತಿದ್ದೀರಿ, ಸೇರಿದ ಹಾಗೇ ಆಯಿತಲ್ವಾ? ದೀಕ್ಷೆಯ ಉಸಾಬರಿ ಯಾಕೆ?

ಹಳೇಕಡತ
ಸೇರುವ ಮೊದಲು ಇದರ ಇತಿಹಾಸ ಗೊತ್ತಿರಲಿ. ನೀವು ಹೇಳಿದ ಪದ್ಧತಿ ವಿಕ್ಕಾದಿಂದ, ಅಂದರೆ ಇಂಗ್ಲೆಂಡಿನಲ್ಲಿ ಹುಟ್ಟಿದ ಆಧುನಿಕ ಮಾಟಗಾರಿಕೆಯ ಧರ್ಮದಿಂದ, ಬಂದದ್ದು. ಇಂಗ್ಲೆಂಡಿನಲ್ಲಿ ಮಾಟಗಾರಿಕೆಯ ವಿರುದ್ಧ 1735ರಲ್ಲಿ ಬಂದಿದ್ದ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಪುಸ್ತಕ ಬರೆದರು. ಮಲಯಾದಲ್ಲಿ ಕಸ್ಟಮ್ಸ್ ಕೆಲಸ ಮಾಡಿ ನಿವೃತ್ತರಾಗಿ ಬಂದಿದ್ದವರು ಅವರು. ಇದು ಕ್ರೈಸ್ತ ಧರ್ಮ ಬರುವ ಮೊದಲಿಂದಲೂ ಗುಟ್ಟಾಗಿ ಉಳಿದು ಬಂದ ಧರ್ಮ, ನಾನು ಅದರ ಒಂದು ಗುಂಪಿಗೆ ಸೇರಿದ್ದೇನೆ ಎಂದರು. ಇದಕ್ಕೆ ಬೆನ್ನಿಗಿದ್ದದ್ದು, ಮಾಟಗಾತಿಯರೆಂದು ಶಿಕ್ಷೆಗೊಳಗಾದವರು ಅಂಥ ಹಳೆಯ ಧರ್ಮದವರೇ ಎಂದು ಮಾರ್ಗರೆಟ್ ಮರ್ರೆ 1921ರಲ್ಲಿ ಮುಂದಿಟ್ಟ ವಾದ. ಇವತ್ತು ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ನಿಮ್ಮ ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ 1999ರಲ್ಲಿ ಎಳೆ ಎಳೆಯಾಗಿ ಬಿಡಿಸಿ, ಯಾವುದು ಎಲ್ಲಿಂದ ಬಂತು ಎಂದು ತೋರಿಸಿದರು. ಎಂಟು ಹಬ್ಬಗಳನ್ನು ಒಂದೇ ಚಕ್ರವಾಗಿ ಜೋಡಿಸಿದ್ದು 1950ರ ದಶಕದಲ್ಲಿ. ಅವುಗಳಲ್ಲಿ ಕೆಲವಕ್ಕೆ ಲಿಥಾ, ಮೇಬನ್ ಎಂದು ಹೆಸರಿಟ್ಟವರು ಅಮೆರಿಕದ ಏಡನ್ ಕೆಲ್ಲಿ, ಅದು 1970ರ ದಶಕದ ಮಾತು.

ಸೇರಬೇಡಿ ಎನ್ನುತ್ತಿಲ್ಲ. ಸಾವಿರಾರು ವರ್ಷದ್ದು ಎಂದು ಯಾರಾದರೂ ಹೇಳಿದರೆ ಅದನ್ನೇ ಕಾರಣ ಮಾಡಿಕೊಂಡು ಸೇರಬೇಡಿ.

ಬಂಡೆಮೇಲಿನ_ಹಕ್ಕಿ
ಆದರೆ ಸ್ಟೋನ್‌ಹೆಂಜ್ ಎಂಬ ದೊಡ್ಡ ಕಲ್ಲುಗಳ ವೃತ್ತ ಕಟ್ಟಿದ ಡ್ರೂಯಿಡರ, ಅಂದರೆ ಹಳೆಯ ಬ್ರಿಟನ್ನಿನ ಪುರೋಹಿತರ, ಪರಂಪರೆ ಹಳೆಯದಲ್ಲವೇ? ಈಗಲೂ ಬಿಳಿ ನಿಲುವಂಗಿ ಹಾಕಿಕೊಂಡು ಸೂರ್ಯೋದಯಕ್ಕೆ ಬರುತ್ತಾರೆ, ಟೀವಿಯಲ್ಲಿ ನೋಡಿದ್ದೇನೆ.

ಹಳೇಕಡತ
ಅದನ್ನು ಕಟ್ಟಿದವರು ಡ್ರೂಯಿಡರಲ್ಲ. ಅಲ್ಲಿ ಕೆಲಸ ಶುರುವಾದದ್ದು ಕ್ರಿ.ಪೂ. 3000ದ ಸುಮಾರಿಗೆ, ದೊಡ್ಡ ಕಲ್ಲು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ. ಡ್ರೂಯಿಡರ ಬಗ್ಗೆ ಬರಹದಲ್ಲಿ ಸುದ್ದಿ ಸಿಗುವುದು ಅದಾಗಿ ಎರಡು ಸಾವಿರ ವರ್ಷ ಕಳೆದ ಮೇಲೆ. ಡ್ರೂಯಿಡರಿಗೂ ಆ ಕಲ್ಲುಗಳಿಗೂ ಗಂಟು ಹಾಕಿದ್ದು 17, 18ನೇ ಶತಮಾನದ ಇಂಗ್ಲಿಷ್ ವಿದ್ವಾಂಸರು. ಸೂರ್ಯನ ದಿಕ್ಕಿಗೆ ಕಲ್ಲು ನಿಲ್ಲಿಸಿದ್ದು ಮಾತ್ರ ನಿಜ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ.

ಲೀಡ್ಸ್_ಮಂಜು
ಹಳೇಕಡತ ಅವರೇ, ಹೊಸದು ಎಂದ ಕೂಡಲೇ ಕೀಳು ಆಗುವುದಿಲ್ಲ. ಎಲ್ಲ ಧರ್ಮವೂ ಒಂದು ಕಾಲಕ್ಕೆ ಹೊಸದೇ.

ಹೇಮಾವತಿಯವರ ಎರಡನೇ ಪ್ರಶ್ನೆಗೆ ಉತ್ತರ ಆ ಇತಿಹಾಸದಲ್ಲೇ ಇದೆ. ಡೊರೀನ್ ವ್ಯಾಲಿಯೆಂಟಿ ಎಂಬಾಕೆ 1953ರಲ್ಲಿ ಗಾರ್ಡ್ನರ್ ಕೈಯಿಂದ ದೀಕ್ಷೆ ಪಡೆದವರು. ತುಂಬಾ ಓದಿಕೊಂಡಿದ್ದರು. ಹಳೆಯ ಮಂತ್ರ ಎಂದು ಗಾರ್ಡ್ನರ್ ಕೊಟ್ಟದ್ದರಲ್ಲಿ ಆ ಕಾಲದ ಹೆಸರಾಂತ ಮಾಂತ್ರಿಕ ಅಲಿಸ್ಟರ್ ಕ್ರೌಲಿಯ ಸಾಲುಗಳಿವೆ ಎಂದು ಥಟ್ಟನೆ ಗುರುತಿಸಿದರು, ಅವರ ಮುಖಕ್ಕೇ ಹೇಳಿದರು. ಹಾಗಾದರೆ ನೀನೇ ಚೆನ್ನಾಗಿ ಬರಿ ಎಂದರಂತೆ ಆತ. ಬರೆದರು. ಇವತ್ತಿಗೂ ಕೂಟಗಳಲ್ಲಿ ದೇವಿಯ ಮಾತು ಎಂದು ಓದುವುದರಲ್ಲಿ ದೊಡ್ಡ ಪಾಲು ಆಕೆಯದು.

ಆಮೇಲೆ 1957ರಲ್ಲಿ ಜಗಳ ಬಂತು. ಗಾರ್ಡ್ನರ್‌ಗೆ ಪತ್ರಿಕೆಯವರ ಸಹವಾಸ ಜಾಸ್ತಿ ಆಯಿತು, ಕೂಟದ ಗುಟ್ಟು ಹೊರಬೀಳುತ್ತದೆ, ಕೆಲವು ನಿಯಮ ಮಾಡೋಣ ಎಂದು ಈಕೆ ಮತ್ತು ಜೊತೆಗಾರರು ಕೇಳಿದರು. ನಿಯಮ ಬೇಕಿಲ್ಲ, ಪ್ರಾಚೀನ ಕಾನೂನು ಆಗಲೇ ಇದೆ ಎಂದು ಆತ ಒಂದು ಪಟ್ಟಿ ತೆಗೆದರು. ಅಲ್ಲಿಯವರೆಗೆ ಅದನ್ನು ಯಾರೂ ಕಂಡಿರಲಿಲ್ಲ. ಹಿರಿಯ ಪೂಜಾರಿಣಿಗೆ ವಯಸ್ಸಾದರೆ ಆಕೆ ಕಿರಿಯಳಿಗೆ ಜಾಗ ಬಿಟ್ಟು ಸರಿಯಬೇಕು ಎಂಬ ಮಾತೂ ಅದರಲ್ಲಿತ್ತು. ವ್ಯಾಲಿಯೆಂಟಿ ನಂಬಲಿಲ್ಲ. ಕೂಟ ಬಿಟ್ಟು ಹೊರಬಂದರು. ಆದರೆ ದೇವಿಯನ್ನು ಬಿಡಲಿಲ್ಲ, 1999ರಲ್ಲಿ ತೀರಿಕೊಳ್ಳುವವರೆಗೂ ಅದೇ ದಾರಿಯಲ್ಲಿದ್ದರು.

ಗ್ರಂಥ ಇಲ್ಲದ ಕಡೆ ಅಧಿಕಾರ ಇರುವುದಿಲ್ಲ ಎಂದುಕೊಳ್ಳಬೇಡಿ. ಬೇಕಾದಾಗ ಯಾರೋ ಒಬ್ಬರು ಜೇಬಿನಿಂದ ಗ್ರಂಥ ತೆಗೆಯುತ್ತಾರೆ.

ಸಂಜೆಗಾಳಿ
ಈ ಕಥೆ ಗೊತ್ತೇ ಇರಲಿಲ್ಲ! ಆ ಹೆಂಗಸಿಗೆ ದೊಡ್ಡ ನಮಸ್ಕಾರ.

ಉತ್ತರದ_ಬೆಳಕು
ನಾನು ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿದ್ದೇನೆ. ಮೊದಲ ಪ್ರಶ್ನೆಗೆ ಇಲ್ಲಿಂದ ಒಂದು ಮಾತು. ಇಲ್ಲಿ ಹಳೆಯ ನಾರ್ಸ್, ಅಂದರೆ ಉತ್ತರ ಯುರೋಪಿನ, ದೇವರುಗಳ ಆಸಾತ್ರೂ ಸಂಘ ಇದೆ. 1972ರಲ್ಲಿ ಬೇಸಿಗೆಯ ಮೊದಲ ದಿನ ಶುರುವಾದದ್ದು. ಅದು ಇಲ್ಲಿ ಏಪ್ರಿಲ್‌ನಲ್ಲಿ ಬರುತ್ತದೆ, ಹೊರಗೆ ಹಿಮ ಇದ್ದರೂ ಬೇಸಿಗೆಯೇ. ಮರುವರ್ಷ ಸರ್ಕಾರದ ಮಾನ್ಯತೆ ಸಿಕ್ಕಿತು. ಮೊದಲ ಮುಖ್ಯಸ್ಥರು ಸ್ವೆಯಿನ್‌ಬ್ಯೋರ್ನ್ ಬೆಯಿನ್‌ಟೆಯಿನ್ಸನ್, ಕುರಿ ಸಾಕುವ ರೈತ, ಕವಿ. 1993ರಲ್ಲಿ ತೀರಿಕೊಂಡರು. 2003ರಿಂದ ಇರುವವರು ಹಿಲ್ಮಾರ್ ಓರ್ನ್ ಹಿಲ್ಮಾರ್ಸನ್, ಸಿನಿಮಾಗಳಿಗೆ ಸಂಗೀತ ಕೊಡುವವರು. ಎಂಟು ಕಾಲಿನ ಕುದುರೆ ಮೇಲೆ ಒಕ್ಕಣ್ಣಿನವನು (ಓಡಿನ್ ದೇವರು) ಓಡಾಡುತ್ತಾನೆ ಎಂದು ಯಾರೂ ನಂಬುವುದಿಲ್ಲ, ಕಥೆಗಳು ಕಾವ್ಯ, ಪ್ರಕೃತಿಯ ಮತ್ತು ಮನಸ್ಸಿನ ಶಕ್ತಿಗಳನ್ನು ಹೇಳುವ ರೀತಿ ಎಂದು ಈ ಮುಖ್ಯಸ್ಥರೇ ಪತ್ರಿಕೆಯವರ ಮುಂದೆ ಹೇಳಿದ್ದಾರೆ. ಮುಖ್ಯಸ್ಥರೇ! ಹಾಗಂತ ಸಂಘ ಕುಗ್ಗಿಲ್ಲ. 4 ಲಕ್ಷದ ಆಸುಪಾಸಿನ ಜನ ಇರುವ ದೇಶದಲ್ಲಿ ಸದಸ್ಯರು 5 ಸಾವಿರ ದಾಟಿದ್ದಾರೆ.

ಇನ್ನೊಂದು ವಿಷಯ. ಸುಮಾರು ಕ್ರಿ.ಶ. 1000ದಲ್ಲಿ ಈ ದೇಶ ಕ್ರೈಸ್ತ ಆಗಬೇಕಾ ಬೇಡವಾ ಎಂದು ಸಭೆಯಲ್ಲಿ ಜಗಳ ಬಂದಾಗ ತೀರ್ಮಾನವನ್ನು ಒಬ್ಬನ ಕೈಗೆ ಕೊಟ್ಟರು. ಥಾರ್ಗೆಯಿರ್ ಎಂದು, ಅವನೂ ಹಳೆಯ ದೇವರುಗಳ ಕಡೆಯವನೇ. ಒಂದು ಹಗಲು ಒಂದು ರಾತ್ರಿ ಹೊದಿಕೆ ಹೊದ್ದು ಮಲಗಿ ಯೋಚಿಸಿದ. ಕ್ರೈಸ್ತ ಆಗೋಣ, ಒಂದೇ ಕಾನೂನು ಇಲ್ಲದಿದ್ದರೆ ಒಬ್ಬರನ್ನೊಬ್ಬರು ಕಡಿದುಕೊಳ್ಳುತ್ತೇವೆ, ಆದರೆ ಮನೆಯೊಳಗೆ ಗುಟ್ಟಾಗಿ ಹಳೇ ಪೂಜೆ ಮಾಡಿಕೊಂಡರೆ ಶಿಕ್ಷೆ ಇಲ್ಲ ಎಂದ. ಆ ವಿನಾಯಿತಿ ಹೆಚ್ಚು ಕಾಲ ಉಳಿಯಲಿಲ್ಲ. ಆದರೂ ಅಧಿಕಾರ ಕೈಯಲ್ಲಿದ್ದವನು ತನ್ನ ದೇವರಿಗಿಂತ ಊರಿನ ನೆಮ್ಮದಿ ಮುಖ್ಯ ಎಂದದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ತರ್ಕ_ಬೇಕು
ಎಲ್ಲ ಸರಿ. ನನ್ನದು ನೇರ ಪ್ರಶ್ನೆ. ದೇವಿ ಇಲ್ಲ, ಪುಸ್ತಕ ಇಲ್ಲ, ಮುಖ್ಯಸ್ಥರೇ ನಂಬುವುದಿಲ್ಲ. ಉಳಿದದ್ದೇನು? ಕಾಡಿನ ಮೇಲೆ ಪ್ರೀತಿ ತಾನೇ? ಹಾಗಾದರೆ ಬೂಟು ಹಾಕಿಕೊಂಡು ಕಾಡಲ್ಲಿ ನಡೆಯಿರಿ, ಸಸಿ ನೆಡಿ, ಮುಗಿಯಿತು. ದಿಕ್ಕುಗಳನ್ನು ಕರೆಯುವುದು ಯಾಕೆ? ಇಲ್ಲ ಎಂದು ಗೊತ್ತಿರುವವರ ಹತ್ತಿರ ಮಾತಾಡುವುದು ನನಗೆ ಅಪ್ರಾಮಾಣಿಕ ಅನ್ನಿಸುತ್ತದೆ. ನಮ್ಮೂರಲ್ಲಿ ಇಷ್ಟೊಂದು ಆಚರಣೆಗಳ ವಿರುದ್ಧ ಮಾತಾಡಿ ಸುಸ್ತಾದವನು ನಾನು. ವಿದೇಶಿ ಆಚರಣೆ ಎಂದ ಮಾತ್ರಕ್ಕೆ ಬಿಡಲಾರೆ.

ಹೇಮಾವತಿ_ದಡ
ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಡೆಯುವುದು, ಸಸಿ ನೆಡುವುದು ಎರಡೂ ಮಾಡುತ್ತೇನೆ. ಆದರೆ ಅಷ್ಟರಿಂದ ಆಗದ ಕೆಲಸ ಒಂದಿದೆ. ಅಕ್ಟೋಬರ್ ಕೊನೆಗೆ ಸೌವಿನ್ ಹಬ್ಬ ಬರುತ್ತದೆ. ಅವತ್ತು ವೃತ್ತದಲ್ಲಿ ಒಬ್ಬೊಬ್ಬರೂ ತಮ್ಮ ಸತ್ತವರ ಹೆಸರು ಹೇಳುತ್ತಾರೆ. ಅಜ್ಜಿ ತೀರಿಕೊಂಡಾಗ ನನಗೆ ಊರಿಗೆ ಹೋಗಲು ಆಗಿರಲಿಲ್ಲ. ಹನ್ನೊಂದನೇ ದಿನದ ಕೆಲಸವನ್ನೂ ಫೋನಿನಲ್ಲಿ ನೋಡಿದ್ದು. ಅವತ್ತು ಕಾಡಿನಲ್ಲಿ ಅಜ್ಜಿಯ ಹೆಸರು ಜೋರಾಗಿ ಹೇಳಿದೆ. ಆತ್ಮ ಇದೆಯಾ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಸುಮ್ನೆ ಕಾಡು ಸುತ್ತಿದ್ದರೆ ಆ ಹೆಸರು ನನ್ನ ಬಾಯಿಂದ ಬರುತ್ತಿರಲಿಲ್ಲ. ಜೊತೆಗೆ ಜನ ಬೇಕಿತ್ತು, ಹೇಳು ಎನ್ನುವ ಒಂದು ಹೊತ್ತು ಬೇಕಿತ್ತು. ಇದು ಅಪ್ರಾಮಾಣಿಕ ಅನ್ನಿಸುವುದಿಲ್ಲ ನನಗೆ.

ದೀಕ್ಷೆ ಬೇರೆ. ಅಲ್ಲಿ ದೇವಿಯ ಹೆಸರಲ್ಲಿ ಆಣೆ ಇಡಬೇಕು. ಅಲ್ಲಿ ನಿಮ್ಮ ಮಾತು ನನಗೂ ತಾಕುತ್ತದೆ.

ತರ್ಕ_ಬೇಕು
ಅಜ್ಜಿಯ ವಿಷಯಕ್ಕೆ ನನ್ನ ತಕರಾರಿಲ್ಲ. ಆಣೆಗೆ ಇದೆ.

ಕಾಫಿಹೂವು
ನಾನು ಕೊಡಗಿನವಳು. ಪ್ರಕೃತಿ ಪೂಜೆ ಎಂದು ಎಲ್ಲರೂ ಹಗುರವಾಗಿ ಬರೆಯುತ್ತಿದ್ದೀರಿ, ಅದಕ್ಕೇ ಬಂದೆ. ನಮ್ಮ ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ನಮ್ಮ ಊರಿನದು ಅಯ್ಯಪ್ಪನ ಕಾಡು, ಹರಕೆಗೆ ಮಣ್ಣಿನ ನಾಯಿ ಒಪ್ಪಿಸುತ್ತೇವೆ. ಒಣಗಿ ಬಿದ್ದ ಕೊಂಬೆ ಕೂಡ ಮನೆಗೆ ತರಬಾರದು ಎಂದು ತಾತ ಹೇಳುತ್ತಿದ್ದರು. ಅಲ್ಲಿ ದೇವರನ್ನು ನಂಬುತ್ತೀಯಾ ಎಂದು ಯಾರೂ ಕೇಳುತ್ತಿರಲಿಲ್ಲ. ಕೊಡಲಿ ತಗೊಂಡು ಒಳಗೆ ಹೋದೆಯಾ, ಅದು ಮಾತ್ರ ಪ್ರಶ್ನೆ.

ಆದರೆ ಆ ಕಾಡು ಈಗ ಎಷ್ಟು ಉಳಿದಿದೆ? ನನ್ನ ಕಣ್ಣ ಮುಂದೆಯೇ ಸಣ್ಣದಾಗಿದೆ. ಕಡಿದವರು ನಂಬಿಕೆ ಇಲ್ಲದವರಲ್ಲ. ಹಬ್ಬಕ್ಕೆ ಬಂದು ಕೈ ಮುಗಿಯುವವರೇ ಬೇಲಿಯನ್ನು ಅಡಿ ಅಡಿಯಾಗಿ ಒಳಗೆ ಸರಿಸಿ ಕಾಫಿ ಹಾಕಿದ್ದಾರೆ. ಬಯಲಲ್ಲಿದ್ದ ದೇವರಿಗೆ ಕಾಂಕ್ರೀಟು ಗುಡಿ, ಗುಡಿಗೆ ರಸ್ತೆ, ರಸ್ತೆಗೆ ಮರ. ದೇವರ ಮೇಲೆ ಭಕ್ತಿ ಬೆಳೆದಿದೆ, ಕಾಡು ಕರಗಿದೆ. ಅದಕ್ಕೇ ನಿಮ್ಮ ಕೂಟದವರು ಏನು ನಂಬುತ್ತಾರೆ ಎನ್ನುವುದು ನನಗೆ ಬೇಕಿಲ್ಲ. ನೀವು ನಿಲ್ಲುವ ಕಾಡು ಯಾರದು? ಅದಕ್ಕೆ ಏನು ಮಾಡುತ್ತೀರಿ? ಅದು ಹೇಳಿ.

ಹೇಮಾವತಿ_ದಡ
ಕಾಡು ಒಂದು ಟ್ರಸ್ಟಿನದು, ಅವರ ಒಪ್ಪಿಗೆ ತಗೊಂಡೇ ಹೋಗುತ್ತೇವೆ. ಚಳಿಗಾಲದಲ್ಲಿ ಹೇಜಲ್ ಪೊದೆ ಕಡಿದು ಸವರುವ ಕೆಲಸ ಇರುತ್ತದೆ, ಬುಡದಿಂದ ಮತ್ತೆ ಚಿಗುರುತ್ತದೆ, ನೆಲಕ್ಕೆ ಬಿಸಿಲು ಬಿದ್ದು ವಸಂತದಲ್ಲಿ ಹೂವು ಬರುತ್ತದೆ. ಕೂಟದವರಲ್ಲಿ ಕೆಲವರು ಆ ಕೆಲಸಕ್ಕೆ ಹೋಗುತ್ತಾರೆ. ಎಲ್ಲರೂ ಅಲ್ಲ.

ನೀವು ಹೇಳಿದ್ದು ಇಲ್ಲೂ ಇದೆ. ಕಲ್ಲಿನ ವೃತ್ತ ಇರುವ ಏವ್‌ಬರಿ ಹತ್ತಿರ ವೆಸ್ಟ್ ಕೆನೆಟ್ ಎಂಬ ಕಲ್ಲಿನ ಸಮಾಧಿ ಇದೆ, ಐದು ಸಾವಿರ ವರ್ಷಕ್ಕೂ ಹಳೆಯದು. ಭಕ್ತಿಯಿಂದ ಬಂದವರು ಒಳಗೆ ಮೇಣದ ದೀಪ ಹಚ್ಚಿ ಹಚ್ಚಿ ಕಲ್ಲಿಗೆ ಮಸಿ ಹಿಡಿಸಿದ್ದಾರೆ. ಕಾರ್ನ್‌ವಾಲಿನ ಮ್ಯಾಡ್ರನ್ ಬಾವಿಯ ಹತ್ತಿರ ಹರಕೆಗೆ ಮರಕ್ಕೆ ಬಟ್ಟೆ ಕಟ್ಟುತ್ತಾರೆ. ಬಟ್ಟೆ ಕೊಳೆತ ಹಾಗೆ ಕಾಯಿಲೆ ಹೋಗಬೇಕು ಎಂಬುದು ಹಳೆಯ ಲೆಕ್ಕ. ಈಗ ನೈಲಾನ್ ಕಟ್ಟುತ್ತಾರೆ. ಕೊಳೆಯುವುದೇ ಇಲ್ಲ, ಕೊಂಬೆ ಬಿಗಿದುಕೊಳ್ಳುತ್ತದೆ.

ಬಂಡೆಮೇಲಿನ_ಹಕ್ಕಿ
ಇಲ್ಲಿ ನದಿ ದಡದಲ್ಲಿ ಬಿಟ್ಟು ಬರುವ ಬಟ್ಟೆಯ ಕಥೆಯೂ ಅದೇ. ಅಂದ ಹಾಗೆ ಅಲ್ಲಿ ಪ್ರಾಣಿ ಬಲಿ ಕೊಡುತ್ತಾರಾ?

ಹೇಮಾವತಿ_ದಡ
ಇಲ್ಲ. ನಮ್ಮ ಕೂಟದಲ್ಲಿ ಮಾಂಸ ತಿನ್ನದವರೇ ಜಾಸ್ತಿ.

ತೆಂಕಣಗಾಳಿ
ಒಂದು ಮಾತು ಮಾರಾಯ್ರೇ. ಇಂಥ ಚರ್ಚೆ ಬಂದಾಗೆಲ್ಲ ಯಾರಾದರೂ ನಮ್ಮ ದೈವಾರಾಧನೆಯನ್ನೂ ಇದೇ ಗುಂಪಿಗೆ ಸೇರಿಸುತ್ತಾರೆ. ಇನ್ನೂ ಸೇರಿಸಿಲ್ಲ, ಅದಕ್ಕೆ ಮೊದಲೇ ಹೇಳುತ್ತೇನೆ. ತುಳುನಾಡಿನಲ್ಲಿ ದೈವ ಎಂದರೆ ಆರಿಸಿಕೊಂಡು ಸೇರುವ ವಿಷಯ ಅಲ್ಲ. ಮನೆತನದ್ದು, ಜಾಗದ್ದು. ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ವರ್ಷವಿಡೀ ಅವರನ್ನು ಕೆಳಗೆ ಕೂರಿಸಿದ ಗುತ್ತಿನ ಯಜಮಾನ ಆ ರಾತ್ರಿ ದೈವದ ಮುಂದೆ ಕೈ ಕಟ್ಟಿ ನಿಲ್ಲಬೇಕು, ನುಡಿ ಕೇಳಬೇಕು, ಕೊಟ್ಟ ಮಾತು ಉಳಿಸಿಕೊಂಡೆಯಾ ಎಂದರೆ ಉತ್ತರ ಕೊಡಬೇಕು. ಮರುದಿನ ಎಲ್ಲ ಮೊದಲಿನ ಹಾಗೇ ಆಗುತ್ತದೆ, ಅದು ನಮ್ಮ ನಾಚಿಕೆಯ ವಿಷಯ, ಮುಚ್ಚಿಡುವುದಿಲ್ಲ. ಆದರೂ ಯಜಮಾನನನ್ನು ಕೇಳುವ ಒಂದು ಜಾಗ ಅಲ್ಲಿದೆ. ಹೇಮಾವತಿಯವರ ಕೂಟದಲ್ಲಿ ಮುಖ್ಯಸ್ಥರನ್ನು ಕೇಳುವ ಜಾಗ ಯಾವುದು?

ದಾರಿಬದಿ_ಮರ
ತೆಂಕಣಗಾಳಿಯವರ ಪ್ರಶ್ನೆಯನ್ನೇ ಹಿಡಿದುಕೊಳ್ಳಿ, ಬಿಡಬೇಡಿ.

ನಾನು ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೊಂದು ಗುಂಪಿನಲ್ಲಿದ್ದೆ. ಹೆಸರು ಬೇಡ. ಮೊದಲಿಗೆ ಎಲ್ಲರೂ ಸಮಾನ ಎಂದರು. ನಿಧಾನಕ್ಕೆ ಒಬ್ಬರೇ ಹಬ್ಬದ ದಿನ ಗೊತ್ತು ಮಾಡುವುದು, ಅವರೇ ಯಾರಿಗೆ ಯಾವ ಹಂತ ಎಂದು ಹೇಳುವುದು, ಅವರ ಕನಸಿನಲ್ಲಿ ದೇವಿ ಬಂದು ಇಂಥವರನ್ನು ಹೊರಗಿಡು ಎಂದಳು ಎನ್ನುವುದು. ಪ್ರಶ್ನೆ ಕೇಳಿದರೆ ನಿನ್ನೊಳಗೆ ಇನ್ನೂ ಹಳೇ ಧರ್ಮದ ಭಯ ಇದೆ ಎನ್ನುತ್ತಿದ್ದರು. ಗುಟ್ಟು ಕಾಪಾಡುತ್ತೇನೆ ಎಂದು ಆಣೆ ಇಟ್ಟಿದ್ದರಿಂದ ಹೊರಗೆ ಹೇಳುವ ಹಾಗೂ ಇಲ್ಲ. ಒಬ್ಬ ಹುಡುಗಿ ಅಳುತ್ತಾ ಬಿಟ್ಟು ಹೋದ ಮೇಲೆ ನಾವು ನಾಲ್ಕೈದು ಜನ ಹೊರಬಂದೆವು. ಆಣೆಯ ಮಾತುಗಳಲ್ಲಿ "ಗುಟ್ಟು" ಎಂದಿದ್ದರೆ, ತಪ್ಪು ನಡೆದಾಗ ಹೊರಗೆ ಹೇಳಬಹುದಾ ಎಂದು ಮೊದಲೇ ಕೇಳಿ. ತಡಬಡಾಯಿಸಿದರೆ ಎದ್ದು ಬನ್ನಿ.

ಎಲ್ಲರೂ ಹಾಗಲ್ಲ, ಅದನ್ನೂ ಹೇಳಬೇಕು. ಇದೇ ಕ್ಯಾಲಿಫೋರ್ನಿಯಾದಲ್ಲಿ ಸ್ಟಾರ್‌ಹಾಕ್ ಎಂಬ ಪೇಗನ್ ಲೇಖಕಿ ಮತ್ತು ಗೆಳತಿಯರು ಕಟ್ಟಿದ ರಿಕ್ಲೇಮಿಂಗ್ ಎಂಬ ಬಳಗ ಇದೆ. ಅವರ ಕಡೆಯವರು 1981ರಲ್ಲಿ ಡಯಾಬ್ಲೊ ಕ್ಯಾನ್ಯನ್ ಅಣು ಸ್ಥಾವರದ ವಿರುದ್ಧ ಕೂತರು, ಜೈಲಿಗೂ ಹೋದರು. ಅಲ್ಲಿ ತೀರ್ಮಾನ ಎಲ್ಲರ ಒಮ್ಮತದಿಂದ ಆಗಬೇಕು. ತುಂಬಾ ಹೊತ್ತು ಹಿಡಿಯುತ್ತದೆ, ತಲೆನೋವು ಬರುತ್ತದೆ, ಆದರೆ ಯಾರ ಕನಸಿಗೂ ಹೆಚ್ಚಿನ ಓಟು ಇಲ್ಲ.

ಲೀಡ್ಸ್_ಮಂಜು
ಗುಟ್ಟಿನ ಆಣೆ ಹುಟ್ಟಿದ್ದು ಸುಮ್ನೆ ಅಲ್ಲ. ಪೇಗನ್ ಎಂದು ಗೊತ್ತಾದರೆ ಕೆಲಸ ಕಳೆದುಕೊಳ್ಳುವ ಕಾಲ ಇತ್ತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸುಮಾರು 74 ಸಾವಿರ ಜನ ಪೇಗನ್ ಎಂದು, 13 ಸಾವಿರ ಜನ ವಿಕ್ಕಾ ಎಂದು ಬರೆಸಿದ್ದಾರೆ. ಡ್ರೂಯಿಡರ ಒಂದು ಸಂಸ್ಥೆಗೆ 2010ರಲ್ಲಿ ಧಾರ್ಮಿಕ ದತ್ತಿ ಎಂಬ ಮಾನ್ಯತೆಯೂ ಸಿಕ್ಕಿದೆ. ಅಷ್ಟು ಗುಟ್ಟು ಈಗ ಬೇಕಿಲ್ಲ ಎನ್ನುವುದನ್ನು ಒಪ್ಪುತ್ತೇನೆ.

ಓದುವ_ಹುಡುಗಿ
ಎಲ್ಲ ದೇಶದಲ್ಲೂ ಇದು ಸುಲಭಕ್ಕೆ ಆಗಿಲ್ಲ ಅಕ್ಕ. ನಾನು ಲಿಥುವೇನಿಯಾದಲ್ಲಿ ಓದುತ್ತಿದ್ದೇನೆ. ಯುರೋಪಿನಲ್ಲಿ ಕೊನೆಗೆ ಕ್ರೈಸ್ತವಾದ ದೇಶ ಇದು, 1387ರಲ್ಲಿ. ಇಲ್ಲಿ ರೊಮುವಾ ಎಂದು ಹಳೆಯ ಬಾಲ್ಟಿಕ್ ಧರ್ಮದವರಿದ್ದಾರೆ, ಬೆಂಕಿಯ ಸುತ್ತ ಹಾಡುತ್ತಾರೆ. ಸೋವಿಯತ್ ಕಾಲದಲ್ಲಿ ಜನಪದ ಹಾಡಿನ ಹೆಸರಲ್ಲಿ ಸೇರುತ್ತಿದ್ದರು, ಅದರ ಮೇಲೂ ಒತ್ತಡ ಬಂತು. 1992ರಲ್ಲಿ ನೋಂದಣಿ ಆಯಿತು. ಪೂರ್ತಿ ಮಾನ್ಯತೆ ಕೇಳಿದಾಗ 2019ರಲ್ಲಿ ಸಂಸತ್ತು ಒಪ್ಪಲಿಲ್ಲ. 2021ರಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಇವರ ಪರ ತೀರ್ಪು ಕೊಟ್ಟಿತು, ಕೊನೆಗೆ 2024ರಲ್ಲಿ ಸಂಸತ್ತು ಮಾನ್ಯತೆ ಕೊಟ್ಟಿತು. ನಮ್ಮ ತರಗತಿಯ ಹುಡುಗಿ ಜೊತೆ ಜೂನಿನ ಹಬ್ಬಕ್ಕೆ ಹೋಗಿದ್ದೆ. ಹಾಡು ಎಲ್ಲರಿಗೂ ಬಾಯಿಪಾಠ. ನಂಬಿಕೆಯ ಮಾತೇ ಬರಲಿಲ್ಲ, ಹಾಡಿದವರೆಲ್ಲ ಅವರ ಕಡೆಯವರೇ ಎಂಬ ಹಾಗಿತ್ತು.

ಆರಿದ್ರಾ_ಮಳೆ
ನಾನು ಮೆಲ್ಬರ್ನ್‌ನಲ್ಲಿದ್ದೇನೆ. ಇಲ್ಲಿನ ಪೇಗನ್‌ರಿಗೆ ಇನ್ನೊಂದು ಪೀಕಲಾಟ. ಬ್ರಿಟನ್ನಿನ ಹಬ್ಬಗಳ ಚಕ್ರದಲ್ಲಿ ಯೂಲ್ ಹಬ್ಬ ಡಿಸೆಂಬರ್‌ಗೆ, ಅಂದರೆ ನಡುಚಳಿಗಾಲಕ್ಕೆ. ಇಲ್ಲಿ ಡಿಸೆಂಬರ್ ಎಂದರೆ ಸುಡುಬೇಸಿಗೆ. ಹೆಚ್ಚಿನವರು ಚಕ್ರವನ್ನೇ ತಿರುಗಿಸಿ ಯೂಲನ್ನು ಜೂನ್‌ಗೆ ತಂದಿದ್ದಾರೆ. ಪುಸ್ತಕದ ತಾರೀಖು ದೊಡ್ಡದಾ, ಕಣ್ಣ ಮುಂದಿನ ಸೂರ್ಯ ದೊಡ್ಡವನಾ ಎಂದರೆ ಸೂರ್ಯನೇ ಎಂದರು. ಇನ್ನೂ ಕೆಲವರು ಅದೂ ಸಾಲದು ಎನ್ನುತ್ತಾರೆ. ಯುರೋಪಿನ ನಾಲ್ಕು ಋತು ಇಲ್ಲಿ ಹೊಂದುವುದೇ ಇಲ್ಲ, ಈ ನೆಲದ ಮೂಲ ಜನರಿಗೆ ಅವರದೇ ಋತುಗಳಿವೆ. ಆದರೆ ಅದು ಅವರ ಜ್ಞಾನ, ಕೇಳದೆ ಎತ್ತಿಕೊಳ್ಳುವ ಹಾಗಿಲ್ಲ.

ನಮ್ಮ ಅಪ್ಪ ತುಮಕೂರಿನ ಕಡೆ ಬೇಸಾಯ ಮಾಡುತ್ತಿದ್ದರು. ಅವರಿಗೆ ತಿಂಗಳು ಗೊತ್ತಿರಲಿಲ್ಲ ಎಂದರೂ ಸರಿ, ಮಳೆ ಗೊತ್ತಿತ್ತು. ರೋಹಿಣಿ, ಮೃಗಶಿರಾ, ಆರಿದ್ರಾ. ಒಂದೊಂದು ಹದಿಮೂರು ಹದಿನಾಲ್ಕು ದಿನ. ಆರಿದ್ರಾ ಹುಟ್ಟುವುದು ಜೂನ್ 21, 22ರ ಹೊತ್ತಿಗೆ, ಹೇಮಾವತಿಯವರ ಕೂಟ ಬೇಸಿಗೆಯ ಸೂರ್ಯನನ್ನು ನೋಡುವ ಅದೇ ದಿನಗಳು. ಪಂಚಾಂಗದ ಮಳೆ ಬಾರದಿದ್ದರೆ ಅಪ್ಪ ಪಂಚಾಂಗವನ್ನು ಬೈಯುತ್ತಿರಲಿಲ್ಲ, ಬಿತ್ತನೆ ಮುಂದಕ್ಕೆ ಹಾಕುತ್ತಿದ್ದರು.

ತರ್ಕ_ಬೇಕು
ಅದು ಕೃಷಿ. ಧರ್ಮ ಅಲ್ಲ.

ಆರಿದ್ರಾ_ಮಳೆ
ಬಿತ್ತುವ ಮೊದಲು ಅಪ್ಪ ಕೂರಿಗೆಗೆ ಪೂಜೆ ಮಾಡುತ್ತಿದ್ದರು ಸಾರ್. ಎಲ್ಲಿ ಗೆರೆ ಎಳೆಯುತ್ತೀರಿ?

ಕಾಫಿಹೂವು
ಸರಿಯಾಗಿ ಕೇಳಿದಿರಿ.

ಹೇಮಾವತಿ_ದಡ
ಎಲ್ಲವನ್ನೂ ಓದಿದೆ. ನಿನ್ನೆ ಕೂಟದ ಹಿರಿಯಾಕೆಗೆ ಫೋನ್ ಮಾಡಿ ಮಾತಾಡಿದೆ. ಎರಡು ವಿಷಯ ಕೇಳಿದೆ. ಒಂದು, ಆಣೆಯಲ್ಲಿ ದೇವಿಯ ಹೆಸರಿನ ಬದಲು ಈ ಕಾಡು ಮತ್ತು ಇಲ್ಲಿ ನಿಂತಿರುವ ಜನ ಎಂದು ಹೇಳಬಹುದಾ? ಅದಕ್ಕೆ ಆಕೆ ತಕ್ಷಣ ಒಪ್ಪಿದರು. ಕಾಡಿಗೆ ಕೊಟ್ಟ ಮಾತು ಮುರಿದರೆ ಕಣ್ಣಿಗೆ ಕಾಣುತ್ತದೆ, ಅದು ಇನ್ನೂ ಕಷ್ಟದ ಆಣೆ ಎಂದರು. ಇನ್ನೊಂದು, ನಿಮ್ಮಿಂದಲೇ ತಪ್ಪಾದರೆ ನಾನು ಯಾರಿಗೆ ಹೇಳಬೇಕು? ಇದಕ್ಕೆ ಆಕೆ ಸ್ವಲ್ಪ ಹೊತ್ತು ಸುಮ್ಮನಾದರು. ಹಿಂದೆ ಯಾರೂ ಕೇಳಿರಲಿಲ್ಲವಂತೆ. ಮುಂದಿನ ಹಬ್ಬದ ದಿನ ಎಲ್ಲರೂ ಕೂತು ಮಾತಾಡೋಣ, ಬರೆದಿಡೋಣ ಎಂದಿದ್ದಾರೆ. ಅದು ಆಗುವವರೆಗೆ ದೀಕ್ಷೆ ಬೇಡ ಎಂದು ಹೇಳಿದ್ದೇನೆ.

ದಾರಿಬದಿ_ಮರ
ಬರೆದಿಡುವಾಗ ಕೂಟದ ಹೊರಗಿನ ಒಬ್ಬರ ಹೆಸರೂ ಅದರಲ್ಲಿರಲಿ. ಒಳಗಿನವರೇ ಇದ್ದರೆ ಉಪಯೋಗವಿಲ್ಲ.

ತೆಂಕಣಗಾಳಿ
ಅವರು ಬರೆಯಲು ಒಪ್ಪದಿದ್ದರೆ?

ಹೇಮಾವತಿ_ದಡ
ಸೇರುವುದಿಲ್ಲ. ಸೌವಿನ್ ದಿನ ಹೋಗುವುದನ್ನು ಮಾತ್ರ ನಿಲ್ಲಿಸುವುದಿಲ್ಲ, ಅದು ಎಲ್ಲರಿಗೂ ತೆರೆದಿರುತ್ತದೆ.

ತರ್ಕ_ಬೇಕು
ಕಾಡಿನ ಮೇಲಿನ ಆಣೆಗೆ ನನ್ನ ಒಪ್ಪಿಗೆ ಇದೆ. ದಿಕ್ಕುಗಳನ್ನು ಕರೆಯುವುದಕ್ಕೆ ಈಗಲೂ ಇಲ್ಲ. ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಹಳೇಕಡತ ಅವರೂ ಬನ್ನಿ.

ಸಂಜೆಗಾಳಿ
ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಲಂಡನ್‌ಗೆ ಬರುತ್ತಿದ್ದೇನೆ. ಸ್ಟೋನ್‌ಹೆಂಜ್‌ಗೆ ಹೋಗಲಾ, ಏವ್‌ಬರಿಗೆ ಹೋಗಲಾ? ಒಂದೇ ದಿನ ಇರುವುದು.

ಲೀಡ್ಸ್_ಮಂಜು
ಏವ್‌ಬರಿ. ಕಲ್ಲು ಮುಟ್ಟಬಹುದು, ಟಿಕೆಟ್ ಇಲ್ಲ, ವೃತ್ತದ ಒಳಗೇ ಊರು ಇದೆ. ಲಂಡನ್‌ನಿಂದ ಸ್ವಿಂಡನ್‌ಗೆ ರೈಲು, ಅಲ್ಲಿಂದ ಬಸ್ಸು.